ಎದುರುತೂಕ

ಪ್ಯಾಂಟಿನ ಗುಂಡಿ ಇವತ್ತು ಸಲೀಸಾಗಿ ಬಿತ್ತು. ಉಸಿರು ಒಳಗೆಳೆದುಕೊಳ್ಳಬೇಕಾಗಲಿಲ್ಲ, ಗೋಡೆಗೆ ಬೆನ್ನು ಆನಿಸಬೇಕಾಗಲಿಲ್ಲ. ಭಾರಣ್ಣ ಬೆರಳನ್ನು ಸೊಂಟದ ಪಟ್ಟಿಯೊಳಗೆ ತೂರಿಸಿ ನೋಡಿದ, ಬೆರಳಿಗೆ ಜಾಗವಿತ್ತು. ಇಳಿದಿರಬೇಕು ಅಂದುಕೊಂಡ. ನಿನ್ನೆ ಆದ ಗಾಬರಿಗೇ ಇಳಿದಿರಬೇಕು, ರಾತ್ರಿ ಊಟ ಸೇರಿರಲಿಲ್ಲವಲ್ಲ, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ, ಎಲ್ಲ ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ. ಎದೆಯ ಮೇಲೆ ಕೂತಿದ್ದವರು ಯಾರೋ ಎದ್ದು ಹೋದಂತಾಗಿ ಅವನು ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತ. ಆಗ ದಾರ ಕಂಡಿತು. ಪ್ಯಾಂಟು ಕಂದು, ಗುಂಡಿಯ ದಾರ ಕಪ್ಪು. ಗುಂಡಿ ಮೊದಲಿದ್ದ ಜಾಗದಲ್ಲಿ ಹಳೆ ಹೊಲಿಗೆಯ ಸಣ್ಣ ತೂತುಗಳು ಇನ್ನೂ ಮುಚ್ಚಿರಲಿಲ್ಲ. ಅಲ್ಲಿಂದ ಎರಡು ಬೆರಳು ಆಚೆಗೆ ಅದನ್ನು ಸರಿಸಿ ಹೊಲಿದಿದ್ದಳು ಹೆಂಡತಿ. ಯಾವಾಗ ಹೊಲಿದಳೋ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಅವಳಿಗೆ ಈಗ ಬೆಳಗಿನ ಪಾಳಿ, ಅವನು ಕಣ್ಣು ಬಿಡುವ ಮೊದಲೇ ಹೋಗಿರುತ್ತಾಳೆ. ಒಂದು ಮಾತು ಆಡಿಲ್ಲ, ಮುಖದಲ್ಲಿ ತೋರಿಸಿಕೊಂಡಿಲ್ಲ. ಹೊಟ್ಟೆಬಾಕ ಅಂತ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಗುಂಡಿಯ ಜೊತೆ ಏನು ಜಗಳ ಆಡುವುದು? ಅವನು ಅದನ್ನು ಬಿಚ್ಚಿದ, ಮತ್ತೆ ಹಾಕಿದ, ಬೇರೆ ಪ್ಯಾಂಟು ಹುಡುಕೋಣವೆಂದು ಕಪಾಟು ತೆಗೆದ. ಎಲ್ಲ ಪ್ಯಾಂಟುಗಳ ಗುಂಡಿಗೂ ಕಪ್ಪು ದಾರ ಇತ್ತು.

ತೂಕದ ಯಂತ್ರ ಬಚ್ಚಲಲ್ಲಿ ಬಕೆಟ್ಟಿನ ಹಿಂದೆ, ಹಳೆ ಟವೆಲಿನ ಕೆಳಗೆ ಇತ್ತು. ಟವೆಲು ಹಾಕಿದವನು ಅವನೇ, ಆದರೂ ಹಲ್ಲುಜ್ಜುವಾಗ ಆ ಕಡೆ ಕಣ್ಣು ಹೋದರೆ ಯಾರೋ ಮುಸುಕು ಹೊದ್ದು ಕೂತು ತನ್ನನ್ನೇ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಅದರ ಮೇಲೆ ಹತ್ತಿದವನು. ಹತ್ತಿ ಇಳಿದು, ಬಚ್ಚಲಿನಿಂದಲೇ ಗಟ್ಟಿಯಾಗಿ ಎಪ್ಪತ್ತೆಂಟು ಅಂತ ಕೂಗುತ್ತಿದ್ದ. ಒಲೆಯ ಮುಂದಿನಿಂದ ಹೆಂಡತಿ ಎಪ್ಪತ್ತೆಂಟಾ ಅಂತ ತಿರುಗಿ ಕೇಳುತ್ತಿದ್ದಳು, ಅಷ್ಟೇ, ಮುಗಿಯಿತು, ದಿನ ಶುರುವಾಗುತ್ತಿತ್ತು. ಆರೋಗ್ಯ ಕೇಂದ್ರದ ಸಲಹೆಗಾರ್ತಿ ಕಲಿಸಿಕೊಟ್ಟ ಪಾಠ ಅದು. ಆಕೆ ಸಣ್ಣ ಹೆಂಗಸು, ಯಾವಾಗಲೂ ಶೀತ ಆದವಳ ಹಾಗೆ ಮೂಗಿನಲ್ಲಿ ಮಾತಾಡುವವಳು. ಇಳಿಸೋದು ಎಲ್ಲರಿಗೂ ಬರುತ್ತೆ ರೀ ಅನ್ನುತ್ತಿದ್ದಳು, ಇಳಿದದ್ದನ್ನ ಇಳಿದಲ್ಲೇ ಇಟ್ಕೊಳ್ಳೋದು ಬೇಜಾರಿನ ಕೆಲಸ, ಆ ಬೇಜಾರನ್ನ ದಿನಾ ಮಾಡ್ಬೇಕು. ಕೂತು ತಿನ್ನಿ, ತಟ್ಟೆಗೆ ಹಾಕಿಕೊಂಡು ತಿನ್ನಿ. ಊಟ ಆದ ಮೇಲೆ ನಡೆಯಿರಿ. ದಿನಾ ಹತ್ತಿ, ಹತ್ತಿದ್ದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಿ. ಜಾಸ್ತಿ ತಿಂದ ದಿನ ಏನೂ ಆಗೋದಿಲ್ಲ, ಅದರ ಮಾರನೇ ದಿನ ಹತ್ತೋದಕ್ಕೆ ನಾಚಿಕೆ ಆಗುತ್ತಲ್ಲ, ಕೆಡೋದು ಅಲ್ಲೇ. ಅವನು ತಲೆಯಾಡಿಸಿದ್ದ. ನಾಚಿಕೆ ತನಗೆಂಥದು ಅಂದುಕೊಂಡಿದ್ದ. ಆಮೇಲೆ ಮಂಡಿ ಉಳುಕಿ ನಡಿಗೆ ನಿಂತಿತು, ಹೆಂಡತಿಯ ಪಾಳಿ ಬದಲಾಯಿತು, ಒಂದು ಬೆಳಿಗ್ಗೆ ಯಂತ್ರ ಎಂಬತ್ತು ತೋರಿಸಿತು. ಕೂಗಲು ಬಾಯಿ ತೆರೆದವನಿಗೆ ಕೇಳುವವರು ಯಾರೂ ಇಲ್ಲ ಅನ್ನುವುದು ನೆನಪಾಗಿ ಒಂದು ಬಗೆಯ ಖುಷಿಯೇ ಆಯಿತು. ನೀರು ಇರಬೇಕು ಅಂದುಕೊಂಡ. ನಾಳೆ ಹತ್ತಿದರಾಯಿತು ಅಂದುಕೊಂಡ. ನಾಳೆ ಹತ್ತಲಿಲ್ಲ.

ತಾನು ಕೆಲಸ ಮಾಡುವ ರಂಗಮಂದಿರಕ್ಕೆ ನಡೆದೇ ಹೋಗೋಣವೆಂದು ಹೊರಟು ಮೂಲೆ ತಿರುಗುವ ಹೊತ್ತಿಗೆ ಬಸ್ಸು ಹತ್ತಿದ. ಬಸ್ಸಿನಲ್ಲಿ ಪಕ್ಕದವನು ಸ್ವಲ್ಪ ಆಚೆ ಸರಿದು ಕೂತ. ಸರಿದದ್ದು ಮರ್ಯಾದೆಗೋ ಜಾಗಕ್ಕೋ? ಭಾರವಾಗಿದ್ದ ಕಾಲದಲ್ಲಿ ಇಂಥ ಲೆಕ್ಕವೇ ಇರಲಿಲ್ಲ, ಸರಿಯುತ್ತಾರೆ, ಅಷ್ಟೇ, ಅದು ಅವರ ಹಣೆಬರಹ. ಇಳಿಯುತ್ತಿದ್ದ ಆ ಒಂದು ವರ್ಷ ಎಂಥ ವರ್ಷ! ದಾರಿಯಲ್ಲಿ ಹೋಗುವವರೂ ನಿಲ್ಲಿಸಿ ಕೇಳುತ್ತಿದ್ದರು, ಏನ್ ಮಾಡಿದ್ರಿ, ಹೇಗ್ ಮಾಡಿದ್ರಿ, ನಮಗೂ ಹೇಳಿಕೊಡಿ. ನಾಟಕದ ಹುಡುಗಿಯರು ಅವನ ಹಳೆ ಅಂಗಿಯೊಳಗೆ ಇಬ್ಬಿಬ್ಬರು ತೂರಿಕೊಂಡು ಫೋಟೋ ತೆಗೆಸಿಕೊಂಡಿದ್ದರು. ಆಮೇಲೆ ಇಳಿದಲ್ಲೇ ನಿಂತ. ನಿಂತದ್ದನ್ನು ಯಾರು ನೋಡುತ್ತಾರೆ? ಯಾವ ಪುಣ್ಯಾತ್ಮನೂ ಬಂದು, ಭಾರಣ್ಣ, ಇವತ್ತೂ ನೀನು ನಿನ್ನೆಯಷ್ಟೇ ಇದ್ದೀಯ, ಶಹಭಾಸ್ ಅನ್ನಲಿಲ್ಲ. ದಿನಾ ಅದೇ ಸಪ್ಪೆ ಕೆಲಸ, ಅದೇ ತಟ್ಟೆ, ಅದೇ ನಡಿಗೆ, ಮತ್ತು ಎಲ್ಲದರ ಕೊನೆಗೆ ಏನೂ ಆಗದೇ ಇರುವುದು. ಏನೂ ಆಗದಿರಲಿ ಎಂದು ಇಷ್ಟೊಂದು ಒದ್ದಾಡಬೇಕೆ ಅಂತ ಅವನಿಗೆ ಸಿಟ್ಟು ಬರುತ್ತಿತ್ತು. ಈಗಲೂ ಬಂತು. ಸಿಟ್ಟಿನಲ್ಲೇ ಕೈ ಜೇಬಿಗೆ ಹೋಗಿ ಹುರಿದ ಕಡಲೆಕಾಯಿಯ ಪೊಟ್ಟಣವನ್ನು ಮುಟ್ಟಿ ನೋಡಿತು. ಮುಟ್ಟಿದಾಗ ಅಂಗೈ ಉರಿಯಿತು.

ಅಂಗೈ ಸುಟ್ಟಿದ್ದು ಹಗ್ಗದಿಂದ. ನಾಟಕದ ಕೊನೆಯಲ್ಲಿ ಹಕ್ಕಿ ಪಂಜರದಿಂದ ಬಿಡುಗಡೆಯಾಗಿ ಆಕಾಶಕ್ಕೆ ಹಾರುತ್ತದೆ. ಹಕ್ಕಿಯ ಪಾತ್ರದ ಹುಡುಗಿಯ ಬೆನ್ನಿಗೆ ಕಟ್ಟಿದ ಹಗ್ಗ ಮೇಲೆ ಗಾಲಿಗಳ ಮೇಲೆ ಹಾಯ್ದು ಪಕ್ಕದ ಕತ್ತಲಿಗೆ ಇಳಿಯುತ್ತದೆ, ಅಲ್ಲಿ ಏಣಿಯ ತುದಿಯ ಹಲಗೆಯ ಮೇಲೆ ಭಾರಣ್ಣ ನಿಂತಿರುತ್ತಾನೆ, ಹಗ್ಗದ ಇನ್ನೊಂದು ಕೊನೆ ಅವನ ಸೊಂಟಕ್ಕೆ. ಸೂಚನೆಯ ದೀಪ ಬಂದೊಡನೆ ಅವನು ಹಲಗೆಯಿಂದ ಕಾಲು ತೆಗೆದು ಗಾಳಿಗೆ ಇಡುತ್ತಾನೆ. ಅವನು ಇಳಿಯುತ್ತಾನೆ, ಅವಳು ಏರುತ್ತಾಳೆ. ಗಾಲಿಗಳ ಕಟ್ಟು ಹಾಗಿದೆ, ಅವನು ಒಂದು ಆಳು ಇಳಿದರೆ ಅವಳು ಎರಡು ಆಳು ಏರಬೇಕು, ಅದಕ್ಕೆ ಅವಳ ಎರಡರಷ್ಟು ತೂಕದವನೇ ಬೇಕು. ಯಂತ್ರದಲ್ಲಿ ಎತ್ತಿದರೆ ಸಾಮಾನು ಎತ್ತಿದ ಹಾಗೆ ಕಾಣುತ್ತದೆ ಎಂದು ಹಗ್ಗದ ಮೇಸ್ತ್ರಿಯ ಹಟ. ಈ ಮೇಸ್ತ್ರಿಯೇ ಬಹಳ ಹಿಂದೆ ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದ ಇವನನ್ನು ಮೇಲಿಂದ ಕೆಳಗೆ ನೋಡಿ ಕೆಲಸಕ್ಕೆ ಕರೆದುಕೊಂಡು ಬಂದದ್ದು. ತೂಕವೇ ಕಸುಬಾದ ಮನುಷ್ಯ. ಹೆಸರೂ ಆಗಲೇ ಅಂಟಿದ್ದು. ಆಮೇಲೆ ವೈದ್ಯರು ಹೃದಯದ ಚಿತ್ರ ತೋರಿಸಿ ಹೆದರಿಸಿದಾಗ, ಇಳಿದರೆ ಕೆಲಸ ಹೋಗುತ್ತದೆ ಎಂದು ಇವನು ಅತ್ತಿದ್ದ. ಮೇಸ್ತ್ರಿ ನಕ್ಕು, ಇಳಿ ಮಾರಾಯ, ನೀನು ಇಳಿದಷ್ಟನ್ನ ನಾನು ತುಂಬಿಕೊಡ್ತೀನಿ ಅಂದು, ದಪ್ಪ ಬಟ್ಟೆಯಲ್ಲಿ ತೋಳಿಲ್ಲದ ಅಂಗಿ ಹೊಲಿಸಿದ. ಅಂಗಿಯ ತುಂಬ ಜೇಬು, ಜೇಬಿಗೊಂದು ಮೂರು ಕಿಲೋದ ಸೀಸದ ಚೀಲ. ಆಟಕ್ಕೆ ಮುಂಚೆ ಮೇಸ್ತ್ರಿ ಕೇಳಬೇಕು, ಎಷ್ಟು? ಇವನು ಹೇಳಬೇಕು, ಎಪ್ಪತ್ತೆಂಟು. ಹಳೆಯ ಭಾರಕ್ಕೆ ಎಷ್ಟು ಕಡಿಮೆಯೋ ಅಷ್ಟು ಚೀಲಗಳು ಜೇಬಿಗೆ ಬೀಳುತ್ತಿದ್ದವು. ಕಳೆದುಕೊಂಡದ್ದನ್ನೆಲ್ಲ ದಿನಾ ಸ್ವಲ್ಪ ಹೊತ್ತು ಮೈಮೇಲೆ ಹೊತ್ತು, ಆಟ ಮುಗಿದೊಡನೆ ಕಳಚಿ ಗೂಟಕ್ಕೆ ನೇತುಹಾಕಿ ಹಗುರಾಗಿ ಮನೆಗೆ ಹೋಗುವುದು. ಅದರಷ್ಟು ಸುಖ ಅವನು ಬೇರೆ ಕಂಡಿರಲಿಲ್ಲ.

ಮೇಸ್ತ್ರಿ ಈಗಲೂ ಕೇಳುತ್ತಿದ್ದ, ಇವನು ಈಗಲೂ ಎಪ್ಪತ್ತೆಂಟು ಅನ್ನುತ್ತಿದ್ದ. ಮೊದಲ ಸಲ ಅದು ಸುಳ್ಳು ಅಂತ ಅನ್ನಿಸಲೇ ಇಲ್ಲ, ಬಾಯಿಪಾಠ ಹೇಳಿದಂತೆ ಬಂದುಬಿಟ್ಟಿತು. ಮನಸ್ಸಿನೊಳಗೆ ಇನ್ನೂ ಎಪ್ಪತ್ತೆಂಟೇ ಇದ್ದ, ಮೇಲಿನದೆಲ್ಲ ಬಂದು ಹೋಗುವ ನೆಂಟರು. ಚೀಲಗಳು ಅಷ್ಟೇ ಬೀಳುತ್ತಿದ್ದವು, ಅವುಗಳ ಕೆಳಗೆ ಅವನು ಬೆಳೆಯುತ್ತಿದ್ದ. ಏಣಿಯ ತುದಿಯ ಕತ್ತಲಲ್ಲಿ ದೀಪಕ್ಕೆ ಕಾಯುತ್ತ ಕಡಲೆಕಾಯಿ ತಿನ್ನುವುದು ರೂಢಿಯಾಗಿತ್ತು; ತಟ್ಟೆ ಇಲ್ಲ, ಕೂತಿಲ್ಲ, ಬೆಳಕೂ ಇಲ್ಲ, ಅದನ್ನು ತಿಂದದ್ದು ಅಂತ ಯಾರು ಅನ್ನುತ್ತಾರೆ. ಮೊದಲೆಲ್ಲ ಇಳಿಯುವಾಗ ನಡುದಾರಿಯಲ್ಲಿ ಪಕ್ಕದ ಪರದೆಯ ಸಂದಿಯಿಂದ ಹುಡುಗಿಯ ಮುಖ ಕಾಣುತ್ತಿತ್ತು. ಅವಳು ಏರುತ್ತ, ಇವನು ಇಳಿಯುತ್ತ, ಪ್ರೇಕ್ಷಕರಿಗೆ ಕಾಣದ ಕಡೆಯ ಒಂದು ಕಣ್ಣನ್ನು ಅವಳು ಮಿಟುಕಿಸುತ್ತಿದ್ದಳು. ಕೆಲವು ವಾರಗಳಿಂದ ಮುಖ ಕಾಣುವುದೇ ಇಲ್ಲ, ಬಿಳಿಯದೊಂದು ಸರಕ್ಕನೆ ಮೇಲೆ ಹೋಗುತ್ತದೆ. ವೇಗ ಹೆಚ್ಚಿದೆ ಎಂದು ಗೊತ್ತಾದಾಗ ಇವನು ಎದುರಿಗೆ ಮೇಲಕ್ಕೆ ಓಡುವ ಹಗ್ಗವನ್ನು ಕೈಯಲ್ಲಿ ಬಿಗಿಹಿಡಿದು ತಡೆಯತೊಡಗಿದ. ಕೈಗವಸು ತೇದು ತೂತಾಯಿತು. ನಿನ್ನೆ ಹಿಡಿತ ಜಾರಿತು. ಹುಡುಗಿ ಚಿಮ್ಮಿದ ಹಾಗೆ ಹೋಗಿ, ದೀಪಗಳನ್ನು ತೂಗುಹಾಕಿದ ಕಬ್ಬಿಣದ ಕೊಳವೆಗೆ ಮೊಣಕೈ ಬಡಿಸಿಕೊಂಡಳು. ಹಾರಾಟದ ಚಂದ ನೋಡಿ ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದಾಗ ಬಿಳಿ ತೋಳಿನಲ್ಲಿ ರಕ್ತ ಇಳಿಯುತ್ತಿತ್ತು. ಒಂದು ಗೇಣು ಆಚೆಗಿದ್ದರೆ ಅದು ಅವಳ ತಲೆ.

ನಿರ್ದೇಶಕ ನೆಟ್ಟಗೆ ಬಂದು ಬೈದದ್ದು ಹುಡುಗಿಗೆ. ಹಗ್ಗ ಅದೇ, ಗಾಲಿ ಅದೇ, ಮೇಸ್ತ್ರಿ ಅವನೇ, ಹಾಗಾದರೆ ಹಗುರಾದವಳು ಅವಳೇ. ಊಟ ಬಿಟ್ಟು ತೆಳ್ಳಗಾಗುವ ಹುಚ್ಚು ಹತ್ತಿದೆ ನಿನಗೆ, ಇಲ್ಲಿ ನಿನ್ನ ತೂಕ ನಿನ್ನದಲ್ಲ, ಆಟದ್ದು ಅಂದ. ಅವಳು ಇಲ್ಲ ಸಾರ್, ನಾನು ತಿಂತಾನೇ ಇದ್ದೀನಿ ಅಂದಷ್ಟೂ ಅವನಿಗೆ ಗುಮಾನಿ ಜಾಸ್ತಿಯಾಯಿತು. ನಾಳೆ ಎಲ್ಲರ ಮುಂದೆ ತೂಗೋಣ, ಕಡಿಮೆ ಬಂದರೆ ಪಾತ್ರ ಬೇರೆಯವರಿಗೆ ಎಂದು ತೀರ್ಪು ಕೊಟ್ಟು ಹೋದ. ಭಾರಣ್ಣ ಅಲ್ಲೇ ನಿಂತು ಅಂಗಿ ಕಳಚುತ್ತಿದ್ದ. ಒಂದು ಮಾತು ಸಾಕಾಗಿತ್ತು. ಆ ಮಾತು ಗಂಟಲವರೆಗೂ ಬಂದಿತ್ತು ಎಂದು ರಾತ್ರಿಯಿಡೀ ತನಗೆ ತಾನೇ ಹೇಳಿಕೊಂಡಿದ್ದ. ಬಸ್ಸಿಳಿಯುವಾಗ ಒಪ್ಪಿಕೊಂಡ, ಬಂದಿರಲಿಲ್ಲ.

ಉಗ್ರಾಣದ ದೊಡ್ಡ ತೂಕದ ಯಂತ್ರವನ್ನು ರಂಗದ ನಡುವೆ ಇಟ್ಟಿದ್ದರು. ಖಾಲಿ ಕುರ್ಚಿಗಳ ಸಾಲಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು, ದೀಪದವನು, ಬಣ್ಣ ಹಚ್ಚುವಾಕೆ, ಇಬ್ಬರು ನಟರು. ನೋಡಲು ಬಂದವರಲ್ಲ ಅನ್ನುವಂತೆ ಒಬ್ಬ ಪತ್ರಿಕೆ ಹಿಡಿದಿದ್ದ. ಹಕ್ಕಿಯ ಹುಡುಗಿ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬರಿಗಾಲಲ್ಲಿ ಬಂದಳು. ಯಂತ್ರದ ಮುಂದೆ ನಿಂತು ಕೂದಲಿನ ಪಿನ್ನು ತೆಗೆಯಲು ಹೋಗಿ, ತೆಗೆಯದೆ ಕೈ ಇಳಿಸಿದಳು. ಆ ಚಲನೆ ಭಾರಣ್ಣನಿಗೆ ಗೊತ್ತಿತ್ತು. ಕೇಂದ್ರದಲ್ಲಿ ಮೊದಲ ದಿನ ಇವನೂ ಉಂಗುರ ತೆಗೆಯಲು ಹೋಗಿದ್ದ, ಸಲಹೆಗಾರ್ತಿ ಬೇರೆ ಕಡೆ ನೋಡಿದ್ದಳು, ಬಾಗಿಲು ಹಾಕಿತ್ತು, ಕೋಣೆಯಲ್ಲಿ ಇನ್ನಾರೂ ಇರಲಿಲ್ಲ. ಇಲ್ಲಿ ಬಾಗಿಲು ಅನ್ನುವುದೇ ಇಲ್ಲ. ಅವಳು ಹತ್ತಿದಳು. ಮುಳ್ಳು ಅಲ್ಲಾಡಿತು. ಆ ಒಂದು ಗಳಿಗೆಯಲ್ಲಿ ಭಾರಣ್ಣ ಏನು ಬೇಡಿಕೊಂಡ ಅನ್ನುವುದನ್ನು ಅವನು ಆಮೇಲೆ ಯಾರಿಗೂ ಹೇಳಲಾರ. ಕಡಿಮೆ ತೋರಿಸಲಿ ಎಂದು ಬೇಡಿಕೊಂಡ. ಒಂದೆರಡು ಕಿಲೋ ಆದರೂ ಕಡಿಮೆ ಬರಲಿ, ಅವಳದೇ ತಪ್ಪಾಗಲಿ, ಪಾತ್ರ ಹೋದರೆ ಇನ್ನೊಂದು ಸಿಗುತ್ತದೆ, ಚಿಕ್ಕ ವಯಸ್ಸು. ಬೇಡಿಕೊಳ್ಳುತ್ತಿರುವವನು ತಾನೇ ಎಂದು ತಿಳಿದು ಅವನು ಮುಳ್ಳಿನಿಂದ ಕಣ್ಣು ತೆಗೆದ.

ಮೇಸ್ತ್ರಿ ಕನ್ನಡಕ ಏರಿಸಿ ಬಗ್ಗಿ ನೋಡಿದ. ಅವಳ ತೂಕ ಮೊದಲಿನಷ್ಟೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಿರ್ದೇಶಕ ಕೆಮ್ಮಿ, ಸರಿ ಹಾಗಾದ್ರೆ, ಹಗ್ಗ ನೋಡ್ಕೊಳ್ಳಿ ಅಂದು ಹೊರಟುಹೋದ. ಕ್ಷಮೆಯ ಮಾತು ಅವನ ಹತ್ತಿರ ಇದ್ದಂತಿರಲಿಲ್ಲ. ಹುಡುಗಿ ಇಳಿಯದೆ ಇನ್ನೂ ಸ್ವಲ್ಪ ಹೊತ್ತು ಯಂತ್ರದ ಮೇಲೇ ನಿಂತಿದ್ದಳು, ಕೆಂಪಾದ ಮುಖ ಹೊತ್ತು, ಎಲ್ಲರೂ ಸರಿಯಾಗಿ ನೋಡಲಿ ಅನ್ನುವ ಹಾಗೆ. ಮೇಸ್ತ್ರಿ ಮಾತ್ರ ಅಲ್ಲಿಂದ ಕದಲಲಿಲ್ಲ. ಗೂಟದಲ್ಲಿದ್ದ ಅಂಗಿ ತರಿಸಿ, ಸೀಸದ ಚೀಲಗಳನ್ನು ಒಂದೊಂದಾಗಿ ಯಂತ್ರದ ಮೇಲಿಟ್ಟು ನೋಡಿದ. ಸರಿಯಾಗಿದ್ದವು. ಗಾಲಿಗಳಿಗೆ ಮತ್ತೆ ಎಣ್ಣೆ ಬಿಡಿಸಿದ, ಹಗ್ಗವನ್ನು ಮೊಳ ಮೊಳ ಬೆರಳಲ್ಲಿ ತಡವಿದ. ಅದೂ ಸರಿಯಾಗಿತ್ತು. ಯಂತ್ರಕ್ಕೆ ಒರಗಿ ಕೂತು ಕನ್ನಡಕ ತೆಗೆದು ಒರೆಸತೊಡಗಿದ, ಒರೆಸಿದ್ದನ್ನೇ ಒರೆಸಿದ. ಭಾರಣ್ಣನ ಕಡೆ ಯಾರ ಕಣ್ಣೂ ತಿರುಗಲಿಲ್ಲ. ಇಷ್ಟು ವರ್ಷ ಇಳಿದಲ್ಲೇ ಉಳಿದುಕೊಂಡು ಬಂದವನು, ಅವನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಗುಮಾನಿಯಿಂದ ಒಬ್ಬರಾದರೂ ನೋಡಿದ್ದರೆ ಅವನು ಸಿಟ್ಟಾಗುತ್ತಿದ್ದ, ಸಿಟ್ಟು ಎಷ್ಟೋ ವಾಸಿ.

"ತಪ್ಪು ನಂದೇ ಕಣೋ," ಅಂದ ಮೇಸ್ತ್ರಿ, ತನಗೆ ತಾನೇ ಅನ್ನುವ ಹಾಗೆ. "ಎಲ್ಲೋ ಕೈ ಸೋತಿದೆ. ಎಲ್ಲಿ ಅಂತ ಗೊತ್ತಾಗ್ತಾ ಇಲ್ಲ. ಗೊತ್ತಾಗದವನು ಹಗ್ಗ ಮುಟ್ಟಬಾರದು. ಈ ವಾರ ಮುಗೀಲಿ, ಬಿಟ್ಟುಬಿಡ್ತೀನಿ."

ಭಾರಣ್ಣ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಕನ್ನಡಿಯಲ್ಲಿ ಕೆನ್ನೆಗಳು ತುಂಬಿಕೊಂಡು ಬಂದಿದ್ದವು, ಹಳೆಯವನು ಹೊಸಬನ ಮುಖದೊಳಗೆ ಮತ್ತೆ ಬಾಡಿಗೆಗೆ ಬಂದಿದ್ದ. ಹೇಳಬಹುದು, ಹೇಳಿದರೆ ಏನಾಗುತ್ತದೆ? ಕೆಲಸ ಹೋಗುವುದಿಲ್ಲ. ಭಾರವಾದರೆ ಹೋಗುವಂಥ ಕೆಲಸವೇ ಅಲ್ಲ ಇದು, ಚೀಲ ಕಡಿಮೆ ಮಾಡಿದರಾಯಿತು. ಹೋಗುವುದು ಬೇರೆ. ದಾರಿಯಲ್ಲಿ ಕೈಹಿಡಿದು ನಿಲ್ಲಿಸಿದವರೆಲ್ಲ, ಇದು ಹೀಗೇ ಆಗುತ್ತೆ ಅಂತ ನಮಗೆ ಗೊತ್ತಿತ್ತು ಅನ್ನುತ್ತಾರೆ. ಆ ಒಂದು ಮಾತಿಗಾಗಿ ಅವನು ಒಂದು ಹೆಣ್ಣುಮಗುವಿನ ತಲೆಯನ್ನು ಕಬ್ಬಿಣದ ಕೊಳವೆಯ ಹತ್ತಿರ ಇಟ್ಟಿದ್ದಾನೆ, ಒಬ್ಬ ಮುದುಕನ ಕೈಯಿಂದ ಹಗ್ಗ ಬಿಡಿಸುತ್ತಿದ್ದಾನೆ. ಇವತ್ತು ಇನ್ನೂ ಗಟ್ಟಿಯಾಗಿ ಹಿಡಿದರಾಯಿತು ಎಂದು ಒಂದು ಧ್ವನಿ ಒಳಗೆ ಮೆಲ್ಲಗೆ ಹೇಳಿತು. ಅಂಗೈ ಬಿಡಿಸಿ ನೋಡಿಕೊಂಡ, ಚರ್ಮ ಸುಲಿದು ಕೀವು ಕಟ್ಟಿತ್ತು. ಈ ಕೈ ಏನನ್ನೂ ಹಿಡಿಯುವ ಹಾಗಿರಲಿಲ್ಲ.

ಮಧ್ಯಾಹ್ನದ ಆಟಕ್ಕೆ ಜನ ಬಂದು ಕೂರುವ ಗದ್ದಲ ಪರದೆಯಾಚೆ ಶುರುವಾಯಿತು. ಯಂತ್ರವನ್ನು ರಂಗದಿಂದ ಸರಿಸಿ ಏಣಿಯ ಪಕ್ಕದ ಕತ್ತಲಿಗೆ ತಳ್ಳಿದ್ದರು. ಹುಡುಗಿ ರೆಕ್ಕೆ ತೊಟ್ಟು ಗೋಡೆಗೆ ಒರಗಿ ನಿಂತಿದ್ದಳು, ಪಟ್ಟಿ ಕಟ್ಟಿದ ಕೈ ಮೇಲೆ ಇನ್ನೊಂದು ಕೈ, ಮೇಲೆ ಕೊಳವೆ ಇರುವ ಕಡೆ ನೋಡುತ್ತ. ಹೆದರಿದ್ದಾಳೆ ಅನ್ನುವುದು ಕಾಲಿನ ಬೆರಳುಗಳಲ್ಲೇ ಕಾಣುತ್ತಿತ್ತು. ಮೇಸ್ತ್ರಿ ಸೀಸದ ಅಂಗಿ ಹಿಡಿದು ಬಂದ. ಬಂದು, ಎಂದಿನಂತೆ, ಮುಖ ನೋಡದೆ, ಕೈ ಚೀಲಗಳ ಮೇಲಿಟ್ಟು ಕೇಳಿದ.

"ಎಷ್ಟು?"

ಎಪ್ಪತ್ತೆಂಟು ನಾಲಿಗೆಯ ಮೇಲೇ ಇತ್ತು. ಹೆಂಡತಿಯ ಬೆರಳು ಕಪ್ಪು ದಾರ ಪೋಣಿಸುವುದು ಕಂಡಿತು. ಕಂದು ದಾರ ಮನೆಯಲ್ಲಿ ಇಲ್ಲದ್ದೇನಲ್ಲ, ಕಾಣಲಿ ಎಂದೇ ಕಪ್ಪು ಹಾಕಿದಳೇನೋ.

"ಗೊತ್ತಿಲ್ಲ," ಅಂದ.

ಮೇಸ್ತ್ರಿ ತಲೆ ಎತ್ತಿದ. ಗೊತ್ತಿಲ್ಲ ಅಂದರೆ ಏನು ಎಂದು ಅವನು ಕೇಳುವ ಮೊದಲೇ ಭಾರಣ್ಣ, "ನೋಡಿಲ್ಲ. ಬಹಳ ದಿನ ಆಯ್ತು ಹತ್ತಿ. ಸುಮ್ನೆ ಹೇಳ್ತಿದ್ದೆ," ಅಂದ. ಯಂತ್ರದ ಹತ್ತಿರ ಹೋಗಿ, ಅಭ್ಯಾಸ ಬಿಡದೆ, ಬೂಟು ಬಿಚ್ಚಿದ. ಕೀಲಿ ತೆಗೆದಿಟ್ಟ, ಗಡಿಯಾರ ತೆಗೆದಿಟ್ಟ, ಕಡಲೆಕಾಯಿಯ ಪೊಟ್ಟಣ ತೆಗೆದು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಹುಡುಗಿ ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ಅವನು ಹತ್ತಿದ. ಮುಳ್ಳನ್ನು ನೋಡಬಾರದೆಂದು ಕಣ್ಣು ಮುಚ್ಚಿದವನು ಮತ್ತೆ ಬಿಟ್ಟ. ಎಂಬತ್ತೇಳು. ಇಷ್ಟೇನಾ ಅನ್ನಿಸಿತು ಮೊದಲು. ಟವೆಲಿನ ಕೆಳಗೆ ಅದು ನೂರಾಗಿತ್ತು, ನೂರಿಪ್ಪತ್ತಾಗಿತ್ತು. ಆಮೇಲೆ ನಾಚಿಕೆ ಬಂತು, ಬಿಸಿಯಾಗಿ, ಕಿವಿಯವರೆಗೆ. ಮೇಸ್ತ್ರಿ ಬೈಯಲಿಲ್ಲ. ಅಂಗಿಯಿಂದ ಒಂದು ಚೀಲ ತೆಗೆದು ನೆಲಕ್ಕಿಟ್ಟ, ಇನ್ನೊಂದು ಇಟ್ಟ, ಇನ್ನೊಂದು. ನೆಲದ ಮೇಲೆ ಸೀಸ ಕೂರುವ ಸದ್ದನ್ನು ಭಾರಣ್ಣ ಪ್ರತಿ ಸಲವೂ ಎಣಿಸಿದ. ಮೂರನೆಯದನ್ನು ಇಟ್ಟ ಮೇಲೆ ಮುದುಕ ಅಲ್ಲೇ ಬಗ್ಗಿಕೊಂಡೇ ಇದ್ದ. ಸೋತದ್ದು ನನ್ನ ಕೈ ಅಲ್ಲ ಅಂದ ಕೊನೆಗೆ, ಬಹಳ ಮೆಲ್ಲಗೆ, ಎದ್ದು ಬೆನ್ನು ತಿರುಗಿಸಿ ಕಣ್ಣು ಒರೆಸಿಕೊಂಡ. ಆಮೇಲೆ ಭಾರಣ್ಣನ ಅಂಗೈ ಹಿಡಿದು ನೋಡಿದ, ನೋಡಿ ಬಿಟ್ಟುಬಿಟ್ಟ.

"ನನ್ನನ್ನ ಅಲ್ಲಿ ಹತ್ತಿಸಿದಾಗ ನೀವು ಅಲ್ಲೇ ಇದ್ರಿ," ಅಂದಳು ಹುಡುಗಿ.

ಇದ್ದೆ ಅಂದ ಅವನು. ಅವಳು ಇನ್ನೂ ಏನಾದರೂ ಬರಬಹುದೆಂದು ಕಾದಳು, ಬರದಿದ್ದಾಗ ತಿರುಗಿದಳು. ಆಟಕ್ಕೆ ಮುಂಚೆ ಅವಳು ಬೆನ್ನು ತಿರುಗಿಸಿ ನಿಲ್ಲುವುದು, ಅವನು ಕೊಂಡಿಯನ್ನು ಜಗ್ಗಿ ನೋಡಿ ಹೆಗಲ ಮೇಲೆ ಮೆಲ್ಲಗೆ ತಟ್ಟುವುದು ಮೊದಲ ಆಟದಿಂದಲೂ ನಡೆದು ಬಂದದ್ದು. ಇವತ್ತು ಅವಳು ಮೇಸ್ತ್ರಿಯ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಮೇಸ್ತ್ರಿ ಜಗ್ಗಿ ನೋಡಿದ. ಭಾರಣ್ಣ ಕಡಿಮೆಯಾದ ಅಂಗಿ ತೊಟ್ಟು ಏಣಿ ಹತ್ತಿದ.

ಹಲಗೆಯ ಮೇಲೆ ಕತ್ತಲು ಎಂದಿನಂತೆಯೇ ಇತ್ತು. ಕೈ ಅಭ್ಯಾಸಕ್ಕೆ ಜೇಬಿಗೆ ಹೋಗಿ ಬರಿದಾಗಿ ಬಂತು. ಕೆಳಗೆ ಮಾತುಗಳು, ನಗು, ಪಂಜರದ ಬಾಗಿಲಿನ ಕಿರ್ರೆನ್ನುವ ಸದ್ದು. ಯಂತ್ರ ತಪ್ಪು ತೋರಿಸಿದ್ದರೆ? ಮೇಸ್ತ್ರಿಯ ಲೆಕ್ಕ ಈ ಗಡಿಬಿಡಿಯಲ್ಲಿ ತಪ್ಪಿದ್ದರೆ? ನಿನ್ನೆಯ ಕೊಳವೆ ಅಲ್ಲೇ ಇತ್ತು, ದೀಪಗಳ ಬಿಸಿಗೆ ಕಂಪಿಸುತ್ತಿದ್ದಂತೆ ಕಂಡಿತು. ದೀಪ ಬಂತು. ಅವನು ಹಗ್ಗವನ್ನು ಹಿಡಿಯಲಿಲ್ಲ, ಕೈಗಳನ್ನು ಎದೆಗೆ ಒತ್ತಿಕೊಂಡು ಕಾಲು ತೆಗೆದು ಗಾಳಿಗೆ ಇಟ್ಟ. ಗಾಳಿ ತಡೆದು ತಡೆದು ಅವನನ್ನು ಇಳಿಸಿತು. ನಡುದಾರಿಯಲ್ಲಿ, ಪರದೆಯ ಸಂದಿಯಲ್ಲಿ, ಎಷ್ಟೋ ವಾರಗಳ ಮೇಲೆ ಅವಳ ಮುಖ ಪೂರ್ತಿ ಕಂಡಿತು, ಗಲ್ಲದ ಮೇಲಿನ ಬಣ್ಣ, ಬಿಗಿದ ತುಟಿ, ಪ್ರೇಕ್ಷಕರಿಗೆ ಕಾಣದ ಕಡೆಯ ಕಣ್ಣು. ಆ ಕಣ್ಣು ಅವನ ಕಡೆ ತಿರುಗಲಿಲ್ಲ. ಅವಳು ನಿಧಾನವಾಗಿ ಏರಿ, ಕೊಳವೆಗೆ ಬಹಳ ಈಚೆಗೇ ನಿಂತಳು. ಅವನ ಪಾದಗಳು ಸದ್ದಿಲ್ಲದೆ ನೆಲ ಮುಟ್ಟಿದವು. ಮಂಡಿ ಬಗ್ಗಿಸಿ, ಉಸಿರು ಬಿಗಿಹಿಡಿದು, ಮೇಲೆ ಅವಳು ಇರುವಷ್ಟು ಹೊತ್ತೂ ಅವನು ಕದಲದೆ ನಿಂತ.

ಪರದೆ ಬಿದ್ದ ಮೇಲೆ ಹುಡುಗಿ ರೆಕ್ಕೆ ಕಳಚದೆಯೇ ಬಂದಳು. ಉಗ್ರಾಣದವನು ಯಂತ್ರ ಒಯ್ಯಲು ಬಂದು ಅದರ ಚಕ್ರದ ತಡೆ ತೆಗೆಯುತ್ತಿದ್ದ. ಅದು ಇಲ್ಲೇ ಇರ್ಲಿ ಅಂದಳು ಅವಳು ಅವನಿಗೆ. ಕಡಲೆಕಾಯಿಯ ಪೊಟ್ಟಣವನ್ನು ಭಾರಣ್ಣನಿಗೆ ವಾಪಸು ಕೊಟ್ಟಳು, ಮಡಿಸಿದ್ದು ಮಡಿಸಿದಂತೇ ಇತ್ತು.

"ನಾಳೆ ನೀವು ಹತ್ತುವಾಗ ನಾನೂ ಇರ್ತೀನಿ," ಅಂದಳು. "ನೀವು ಹೇಳೋದು ಬೇಡ. ನಾನೇ ಓದ್ತೀನಿ."

ಅದು ಸಿಟ್ಟೋ, ಶಿಕ್ಷೆಯೋ, ಬೇರೆ ಏನಾದರೂ ಆಗಿತ್ತೋ ಅವನಿಗೆ ತಿಳಿಯಲಿಲ್ಲ. ಅವಳ ಮುಖದಲ್ಲಿ ನಗು ಇರಲಿಲ್ಲ.

"ನಾಡಿದ್ದು?" ಅಂದ ಅವನು.

"ನಾಡಿದ್ದೂ," ಅಂದಳು.